ಎರಡು ದಿನದ ಮಳೆ ಎಲ್ಲಿಗೆ ಹೋಯ್ತು ಮಾರಾಯ್ರೆ?

ಜೋರು ಮಳೆಯ ಆಟಿ ತಿಂಗಳಲ್ಲಿ, ಅದೂ ಕಾಸರಗೋಡಿನ ಪೆರ್ಲದ ಕಡೆ, ವಾರದ ಮಳೆ ಇಷ್ಟು ಕಮ್ಮಿ ಅಂತ ಕಂಪ್ಯೂಟರು ಹೇಳಿದರೆ ಯಾರಾದರೂ ನಂಬುತ್ತಾರಾ? ಅಡಿಕೆಯ ಕೊಳೆರೋಗಕ್ಕೂ ಮಳೆಗೂ ಇರುವ ಸಂಬಂಧ ನೋಡಲಿಕ್ಕೆ ಕೂತವನು ನಾನು. ಮಳೆಯ ಲೆಕ್ಕವೇ ಸುಳ್ಳಾದರೆ ಆ ರೋಗಕ್ಕೆ ಬೋರ್ಡೋ ಮದ್ದು ಬಿಡುವ ಮಾತು ಎಲ್ಲಿಂದ ಬಂತು!

ಕೆಲಸ ಬಿಟ್ಟುಹೋದ ಮಹಾನುಭಾವರೊಬ್ಬರು, ನಾವು ಅಂಕಿಅಂಶದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಆರ್ ನಿಧಾನ ಅಂತ, ಮಳೆ ಕೂಡಿಸುವ ಫಂಕ್ಷನನ್ನು ಸಿ ಭಾಷೆಯಲ್ಲಿ ಬರೆದು, ಕಂಪೈಲ್ ಮಾಡಿ, 'ಡಾಟ್ ಸಿ' ಅನ್ನುವ ಸೇತುವೆಯ ಮೂಲಕ ಆರ್‌ಗೆ ಜೋಡಿಸಿ ಹೋಗಿದ್ದಾರೆ. ಬರೀ ಕೂಡಿಸಲಿಕ್ಕೆ! ಆರ್‌ನ ಕೂಡಿಸುವ ಫಂಕ್ಷನ್ 'ಸಮ್' ಮೊದಲೇ ಸಿ ಭಾಷೆಯಲ್ಲೇ ಬರೆದದ್ದು ಉಂಟಲ್ಲ.

ಮಳೆ ಅಳೆಯದ ದಿನಕ್ಕೆ ನಮ್ಮ ಫೈಲಿನಲ್ಲಿ 'ಎನ್‌ಎ' ಅಂತ ಇರ್ತದೆ, ಅಂದರೆ ಲೆಕ್ಕ ಸಿಕ್ಕಿಲ್ಲ ಅಂತ. 'ಡಾಟ್ ಸಿ' ಅಂಥದ್ದನ್ನು ಒಳಗೆ ಬಿಡುವುದಿಲ್ಲ, ಎರರ್ ಕೊಟ್ಟು ನಿಲ್ಲಿಸ್ತದೆ. ಇವರು ಎಂತ ಮಾಡಿದ್ದಾರೆ ಗೊತ್ತುಂಟಾ? ಎರರಿನ ಕಿರಿಕಿರಿ ಬೇಡ ಅಂತ 'ಎನ್‌ಎಓಕೆ'ಯನ್ನು 'ಟ್ರೂ' ಮಾಡಿಟ್ಟಿದ್ದಾರೆ, ಅಂದರೆ ಎನ್‌ಎ ಬಂದರೂ ಒಳಗೆ ಬಿಡು ಅಂತ! ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿ ಕಟ್ಟಿದ ಹಾಗೆ.

ಸಿ ಭಾಷೆಗೆ ಎನ್‌ಎ ಗೊತ್ತೇ ಇಲ್ಲ. ಪೂರ್ಣಾಂಕದ ಎನ್‌ಎಯನ್ನು ಆರ್ ಒಳಗೊಳಗೆ ಇಡುವುದು -2147483648 ಅಂತ. ಇವರ ಫಂಕ್ಷನ್ ಅದನ್ನೂ ಮಳೆ ಅಂತಲೇ ಕೂಡಿಸ್ತದೆ. ವಾರದಲ್ಲಿ ಒಂದು ದಿನ ಬಿಟ್ಟುಹೋಗಿದ್ದರೆ ಮೊತ್ತ ಮೈನಸ್ 214 ಕೋಟಿ ಚಿಲ್ಲರೆ, ಯಾರ ಕಣ್ಣಿಗೂ ಬೀಳ್ತದೆ. ಎರಡು ದಿನ ಬಿಟ್ಟುಹೋದರೆ? ನಮ್ಮ ಯಂತ್ರದ 32 ಬಿಟ್ ಲೆಕ್ಕದಲ್ಲಿ ಅಷ್ಟು ದೊಡ್ಡ ಮೊತ್ತ ಹಿಡಿಸದೆ, ಒಂದು ಸುತ್ತು ಬಂದು, ಆ ಎರಡೂ ಸೇರಿ ಸೊನ್ನೆ! ಉಳಿದ ಐದು ದಿನದ ಮಳೆ ಮಾತ್ರ ಏನೂ ಆಗಲಿಲ್ಲ ಅನ್ನುವ ಮುಖ ಹೊತ್ತು ಬಂದು ಕೂತಿರ್ತದೆ. ಸಾಲಾಗಿ ಎರಡು ದಿನ ಅಳತೆ ತಪ್ಪುವುದು ಯಾವಾಗ? ಹೊಳೆ ತುಂಬಿ ರಸ್ತೆ ಮುಳುಗಿ ಅಳೆಯುವವರು ಬರಲಿಕ್ಕಾಗದಾಗ. ಅಂದರೆ ಭಯಂಕರ ಮಳೆಯ ವಾರವೇ ಲೆಕ್ಕದಲ್ಲಿ ಒಣ ವಾರ!

ಇನ್ನೊಂದು ಉಂಟು: ಆ ಫಂಕ್ಷನಿಗೆ ದಿನಗಳ ಸಂಖ್ಯೆ 7 ಅಂತ ಕೊಟ್ಟರೆ ಅದು ದಶಮಾಂಶ ಸಂಖ್ಯೆಯಾಗಿ ಹೋಗ್ತದೆ, ಸಿ ಭಾಷೆ ಅದನ್ನು ಪೂರ್ಣಾಂಕ ಅಂತ ಓದಿ 0 ಅಂತ ತಿಳೀತದೆ. 7 ರ ಬಲಕ್ಕೆ ತಾಗಿ 'ಎಲ್' ಹಾಕಿ 7L ಅಂತ ಬರೆಯಬೇಕು. ಅದನ್ನೂ ಬರೆದಿಟ್ಟಿಲ್ಲ. ಇಡೀ ಫೈಲಿನಲ್ಲಿ ವಿವರಣೆಯ ಒಂದು ಕಮೆಂಟ್ ಇಲ್ಲ. ಮಲಯಾಳದಲ್ಲಿ ಇದ್ದಿದ್ದರೂ ಓದುತ್ತಿದ್ದೆ, ಕಾಸರಗೋಡಿನವರಿಗೆ ಅದೆಂತ ಕಷ್ಟ?

ಫೋನ್ ಮಾಡಿದರೆ, "ನನ್ನ ಕಂಪ್ಯೂಟರಲ್ಲಿ ಸರಿ ಬರ್ತಿತ್ತಲ್ಲ" ಅಂತೆ.

ಈಗ ಆ ಫೈಲ್ ಕಿತ್ತು ಬಿಸಾಡಿ 'ಸಮ್' ಹಾಕಿದ್ದೇನೆ. ಒಂದು ದಿನದ ಅಳತೆ ಇಲ್ಲದಿದ್ದರೂ ಆ ವಾರಕ್ಕೆ ಎನ್‌ಎ ಅಂತಲೇ ಬರ್ತದೆ. ಆದರೆ ಹಳೆ ಲೆಕ್ಕದ ಗ್ರಾಫುಗಳು ವರದಿಯಲ್ಲಿ ಅಚ್ಚಾಗಿ ಹೋಗಿವೆಯಲ್ಲ, ಅದಕ್ಕೆ ಯಾರು ಉತ್ತರ ಕೊಡುವುದು?