ಕಂಕುಳಲ್ಲಿ ಕೂಸು

ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರು ಅನ್ನೋ ಗಾದೆ ಕಟ್ಟಿದೋರು ಲಿನಕ್ಸ್‌ಗೆ ಸಾಫ್ಟ್‌ವೇರ್ ಪ್ಯಾಕೇಜ್ ಮಾಡಿದ್ರೇನೋ ಅಂತ ನಂಗೆ ಡೌಟು. ಬಿನ್ ಅಂತ ಒಂದು ಫೋಲ್ಡರು, ಅದ್ರಲ್ಲಿ ಪ್ರೋಗ್ರಾಮು, ಪಕ್ಕದಲ್ಲೇ ಲಿಬ್ ಅಂತ ಇನ್ನೊಂದು, ಅದ್ರೊಳಗೆ ಪ್ರೋಗ್ರಾಮ್ ಓಡೋಕೆ ಬೇಕಾದ ಲೈಬ್ರರಿ ಫೈಲೆಲ್ಲ, ಅಂದ್ರೆ ರೆಡಿಮೇಡ್ ಕೋಡು, ನೀಟಾಗಿ ಜೋಡ್ಸಿ ಟಾರ್ ಅಂತ ಒಂದೇ ಗಂಟು ಕಟ್ಟಿ ಶುಕ್ರವಾರ ಸಂಜೆ ಕಸ್ಟಮರ್‌ಗೆ ಕಳ್ಸಿ ಕಾಫಿಗೆ ಕೂತೆ, ಲೋಟ ಬಾಯಿಗಿಡೋಕೆ ಮುಂಚೆ ಫೋನು. "ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್ ಅಂತಿದೆ ಸರ್."

ಪಕ್ಕದ ಫೋಲ್ಡರಲ್ಲೇ ಇದ್ಯಲ್ರೀ ಲೈಬ್ರರಿ, ಸಿಗ್ತಿಲ್ಲ ಅಂದ್ರೆ ಹೆಂಗೆ ಅಂತ ನಾನು ಕೂಗಾಡ್ತಿದ್ರೆ ಅಡುಗೆಮನೆಯಿಂದ ಅಮ್ಮ, "ಇಷ್ಟೊತ್ತಲ್ಲಿ ಯಾವ ಲೈಬ್ರರಿ ತೆಗ್ದಿರುತ್ತೋ, ಬೆಳಗ್ಗೆ ಹೋಗು" ಅಂದ್ರು.

ರೀಡ್‌ಎಲ್ಫ್ ಅನ್ನೋ ಟೂಲ್ ಹಾಕಿ ಪ್ರೋಗ್ರಾಮಿನೊಳಗೆ ನೋಡಿದ್ರೆ ತಪ್ಪು ನಂದೇ. ಲೈಬ್ರರಿ ಎಲ್ಲಿ ಹುಡುಕ್ಬೇಕು ಅಂತ ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿಡಬಹುದು, ನಾನು ಅಲ್ಲಿ ನನ್ನ ಲ್ಯಾಪ್‌ಟಾಪಿನ ಹೋಮ್ ಫೋಲ್ಡರ್ ಬರೆದಿಟ್ಟಿದ್ದೆ. ಪಾಪ, ಆ ಮೆಷೀನು ಅವ್ರ ಆಫೀಸಲ್ಲಿ ಕೂತು ನಮ್ಮನೆ ಹುಡುಕ್ತಿತ್ತು.

ಈಗೊಂದು ಲೈನ್ ಹಾಕಿ ಸಾಕು ಅಂತ ಅವ್ರ ಟರ್ಮಿನಲ್ ತೆಗೆದಾಗೆಲ್ಲ ಓಡೋ ಬ್ಯಾಶ್‌ಆರ್‌ಸಿ ಫೈಲಲ್ಲಿ, ಎಲ್ಲ ಪ್ರೋಗ್ರಾಮಿಗೂ ಲೈಬ್ರರಿ ಇಲ್ಲಿ ಹುಡುಕು ಅಂತ ಹೇಳೋ ಎಲ್‌ಡಿ ಲೈಬ್ರರಿ ಪಾತ್ ಎಕ್ಸ್‌ಪೋರ್ಟ್ ಮಾಡ್ಸಿದೆ. ಓಡ್ತು! ಹತ್ತು ನಿಮಿಷಕ್ಕೆ ಮತ್ತೆ ಫೋನು, ಬಿಲ್ಡ್ ಮಾಡೋ ಟೂಲು ಸಿಮೇಕ್ ಸತ್ತೋಗಿದೆ ಸರ್. ಆಗಿದ್ದಿಷ್ಟು, ನಾನು ಬಿಲ್ಡ್ ಮಾಡಿದ್ದು ಉಬುಂಟು ಅನ್ನೋ ಲಿನಕ್ಸಿನ 20.04ರಲ್ಲಿ, ಅವ್ರದ್ದು ಅದಕ್ಕಿಂತ ಹೊಸದು, 22.04, ಆ ಲೈನ್ ನೋಡಿ ಊರಿನ ಪ್ರೋಗ್ರಾಮೆಲ್ಲ ಸಿಸ್ಟಮ್‌ದು ಬಿಟ್ಟು ನನ್ನ ಫೋಲ್ಡರಿನ ಹಳೇ ಸಿ ಪ್ಲಸ್ ಪ್ಲಸ್ ಲೈಬ್ರರಿ ಎತ್ಕೊಂಡು 3.4.29 ವರ್ಷನ್ ನಾಟ್ ಫೌಂಡ್ ಅಂತ ಬಾಯ್ಬಾಯ್ ಬಡ್ಕೋತಿದ್ವು. ಸೋಮವಾರ ಸರಿ ಮಾಡ್ಕೊಡ್ತೀನಿ ಅಂದೆ.

ಸರಿಯಾದ ದಾರಿ ಅಂದ್ರೆ ಡಾಲರ್ ಒರಿಜಿನ್, ಅಂದ್ರೆ "ನೀನು ಎಲ್ಲಿದ್ದೀಯೋ ಅಲ್ಲಿಂದ ಹುಡುಕು". ಪ್ರೋಗ್ರಾಮ್ ಕಟ್ಟೋ ಮೇಕ್ ಅನ್ನೋ ಟೂಲಿನ ಮೇಕ್‌ಫೈಲಲ್ಲಿ ಹಾಕ್ದೆ. ಮೇಕ್ ಮಹಾಶಯ ಡಾಲರ್ ಜೊತೆ ಒಂದು ಓ ಕೂಡ ನುಂಗಿ 'ರಿಜಿನ್' ಅಂತ ಉಗುಳ್ತು. ಅದನ್ನ ನೋಡ್ತಾ ನಾನು ಎಷ್ಟೊತ್ತು ಕೂತಿದ್ದೆ ಅಂತ ಹೇಳೋಕೆ ನಾಚಿಕೆ. ಎರಡು ಡಾಲರ್ ಹಾಕಿದ್ರೆ ಮೇಕ್ ಬಿಡ್ತು, ಕಮಾಂಡ್ ಓಡ್ಸೋ ಶೆಲ್ ಪೂರ್ತಿ ನುಂಗ್ತು, ಉಳಿದ ದಾರಿ ಸೀದಾ ಸಿಸ್ಟಮ್ ಲಿಬ್‌ಗೆ ಹೋಗಿ ನಿಲ್ತು, ನನ್ನ ಮೆಷೀನಲ್ಲಿ ಅಲ್ಲೂ ಅದೇ ಲೈಬ್ರರಿ ಇನ್‌ಸ್ಟಾಲ್ ಆಗಿದ್ರಿಂದ ಎಲ್ಲ ಚೆನ್ನಾಗಿ ಓಡಿ ನಾನು ಕುಣಿದಾಡಿ ಇನ್ನೊಂದ್ಸಲ ಮಾನ ಕಳ್ಕೊಂಡೆ. ಎರಡು ಡಾಲರು, ಸುತ್ತ ಸಿಂಗಲ್ ಕೋಟು, ಅಷ್ಟೇ ಬೇಕಿತ್ತು.

ಮುಗೀತು ಅನ್ಕೊಂಡ್ರಾ? ನಮ್ಮ ಲೈಬ್ರರಿ ಸಿಕ್ತು, ಆ ಲೈಬ್ರರಿಗೆ ಬೇಕಾದ ಇನ್ನೊಂದು ಸಿಗ್ಲಿಲ್ಲ. ಹುಡುಕೋ ದಾರಿ ಪ್ರೋಗ್ರಾಮೊಳಗೆ ಬರೆದಿಡೋಕೆ ಎರಡು ಬಗೆ. ಹಳೇ ಕಾಲದ ಆರ್‌ಪಾತ್ ಇದ್ಯಲ್ಲ, ಅದು "ಸಕುಟುಂಬ ಪರಿವಾರ ಸಮೇತ" ಅಂತ ಬರ್ದಿರೋ ಮದುವೆ ಕಾರ್ಡು, ಒಬ್ರನ್ನ ಕರೆದ್ರೆ ಅವ್ರ ಭಾವಮೈದನಿಗೂ ಊಟ. ಈಗ ಉಬುಂಟು ತಾನಾಗೇ ಹಾಕೋದು ರನ್‌ಪಾತ್, ಕಾರ್ಡಲ್ಲಿ ಹೆಸರಿದ್ದೋರಿಗೆ ಮಾತ್ರ ಎಲೆ. ಭಾವಮೈದ ಬಾಗಿಲಲ್ಲೇ ನಿಂತ. ಆ ದಾರಿ ತಿದ್ದೋ ಪ್ಯಾಚ್‌ಎಲ್ಫ್ ಅನ್ನೋ ಟೂಲ್ ಹಿಡ್ಕೊಂಡು ಒಂದೊಂದು ಲೈಬ್ರರಿಗೂ ಬೇರೆ ಬೇರೆ ಕಾರ್ಡ್ ಹಂಚಿದೆ, ಹದಿನೇಳು ಕಾರ್ಡು.

ಜೊತೆಗೆ ಲೈಬ್ರರಿಯಲ್ಲಿದ್ದ ಒಂದು ಬಗ್ಗೂ ಸರಿ ಮಾಡಿ ಹೊಸ ಪ್ಯಾಕೇಜ್ ಕಳ್ಸಿದೆ. ಫೋನ್ ಬಂತು, "ಓಡ್ತಿದೆ ಸರ್, ಆದ್ರೆ ನೀವು ಸರಿ ಮಾಡಿದ್ದೀನಿ ಅಂದ ಬಗ್ ಹಂಗೇ ಇದೆ, ಮತ್ತೆ ಸಿಮೇಕ್ ಇನ್ನೂ ಎದ್ದಿಲ್ಲ." ರನ್‌ಪಾತ್‌ಗಿಂತ ಮುಂಚೆ ಎಲ್‌ಡಿ ಲೈಬ್ರರಿ ಪಾತ್ ನೋಡುತ್ತೆ ಅನ್ನೋದು ಆಗ ನೆನಪಾಯ್ತು. ಶುಕ್ರವಾರ ನಾನೇ ಬರೆಸಿದ್ದ ಆ ಲೈನು ಬ್ಯಾಶ್‌ಆರ್‌ಸಿನಲ್ಲಿ ಹಂಗೇ ಕೂತು, ಹೊಸ ಪ್ರೋಗ್ರಾಮನ್ನೂ ಕೈ ಹಿಡ್ಕೊಂಡು ಹಳೇ ಫೋಲ್ಡರಿಗೆ ಕರ್ಕೊಂಡು ಹೋಗ್ತಿತ್ತು.

"ಆ ಲೈನ್ ಯಾರು ಹಾಕಿದ್ದು ಸರ್?" ಅಂತ ಕಸ್ಟಮರ್ ಕಡೆ ಹುಡುಗ ಕೇಳ್ದ. ಲೈನ್ ಸರಿ ಇಲ್ಲ, ಕೇಳಿಸ್ತಿಲ್ಲ ಅಂದೆ.