ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು

ಮುಂಬಯಿಯ ನಮ್ಮವರದೇ ಒಂದು ಸಂಘದ ಕಚೇರಿಯಿಂದ ಇಂದು ಬೆಳಿಗ್ಗೆ ಹಳೆಯ ಕಂಪ್ಯೂಟರುಗಳು ಭಂಗಾರ್‌ವಾಲಾನ ಗಾಡಿ ಏರುತ್ತಿದ್ದವು. ಸದಸ್ಯರ ಆಧಾರ್ ಮತ್ತು ಪ್ಯಾನ್ ಪ್ರತಿಗಳು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಮನೆಯ ಆದಾಯದ ವಿವರಗಳು, ಎಲ್ಲವನ್ನೂ ವರ್ಷಗಟ್ಟಲೆ ತುಂಬಿಸಿದ್ದು ಅವುಗಳಲ್ಲೇ. ಡಿಸ್ಕುಗಳನ್ನು ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, "ಎಲ್ಲ ಡಿಲೀಟ್ ಮಾಡಿ ಫಾರ್ಮ್ಯಾಟ್ ಕೂಡ ಮಾಡಿಸಿದ್ದೇವೆ, ನೀವು ಚಿಂತೆ ಮಾಡಬೇಡಿ ಮಾರಾಯ್ರೆ" ಎಂಬ ಉತ್ತರ ಬಂತು. ಗಾಡಿ ನಿಲ್ಲಿಸಿ ಡಿಸ್ಕುಗಳನ್ನು ಬಿಚ್ಚಿಸಿಕೊಂಡೆನಾದರೂ ಸಿಟ್ಟು ಇನ್ನೂ ಇಳಿದಿಲ್ಲ.

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕೂತು, ಅಳಿಸಿಹೋದ ಫೋಟೋಗಳನ್ನು ಇಂಥ ಡಿಸ್ಕುಗಳಿಂದಲೇ ಮರಳಿ ತೆಗೆದುಕೊಡುವುದು ನನ್ನ ಕಸುಬೆಂದು ನಿಮಗೆಲ್ಲ ಗೊತ್ತು. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಒತ್ತಿದಾಗ ಹೋಗುವುದು ಕಡತ ಎಲ್ಲಿದೆಯೆಂಬ ನಮೂದು ಮಾತ್ರ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಕಡತ ಇದ್ದಲ್ಲೇ ಇರುತ್ತದೆ. ಕ್ಷಣದಲ್ಲಿ ಮುಗಿಯುವ ಕ್ವಿಕ್ ಫಾರ್ಮ್ಯಾಟ್ ಮಾಡುವುದೂ ಅಷ್ಟನ್ನೇ. ಫೋಟೋರೆಕ್‌ನಂಥ ಉಚಿತ ತಂತ್ರಾಂಶ ಸಾಕು, ಕಾಲೇಜು ಹುಡುಗನೂ ಅದನ್ನೆಲ್ಲ ಹೊರತೆಗೆಯಬಲ್ಲ.

ಗುಜರಿಯವನಿಗೆ ಬೇಕಾದದ್ದು ತಾಮ್ರ ಮತ್ತು ಅಲ್ಯುಮಿನಿಯಂ, ನಮ್ಮ ಕಾಗದಪತ್ರಗಳಲ್ಲ ಎನ್ನುವವರಿದ್ದಾರೆ. ಅವನಿಗೆ ಬೇಡದಿರಬಹುದು, ಆದರೆ ತಿರುಗುವ ಡಿಸ್ಕನ್ನು ಯಾರೂ ಕರಗಿಸುವುದಿಲ್ಲ, ಅದು ಮತ್ತೆ ಮಾರಾಟವಾಗುತ್ತದೆ. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ಬಳಸಿದ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಓದಲು ಸಿಕ್ಕ 129ರಲ್ಲಿ ಸರಿಯಾಗಿ ಅಳಿಸಿದ್ದು ಕೇವಲ 12. ಮಾರಿದವರೆಲ್ಲ ನಮ್ಮ ಕಾರ್ಯದರ್ಶಿಗಳಷ್ಟೇ ನಿಶ್ಚಿಂತರಾಗಿದ್ದಿರಬೇಕು.

ಅಳಿಸುವುದು ಕಷ್ಟದ ಕೆಲಸವೂ ಅಲ್ಲ, ಅದಕ್ಕೇ ನನಗೆ ಇಷ್ಟು ಸಂಕಟ. ಹಾರ್ಡ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ತಂತ್ರಾಂಶದಲ್ಲಿ ಸರಿಯಾದ ಡಿಸ್ಕನ್ನೇ ಆರಿಸಿದ್ದೇವೆಂದು ಎರಡೆರಡು ಬಾರಿ ನೋಡಿಕೊಂಡು, 'ಕ್ಲೀನ್ ಆಲ್' ಎಂಬ ಆದೇಶ ಕೊಟ್ಟರೆ ಅದು ಮೊದಲಿನಿಂದ ಕೊನೆಯವರೆಗೆ ಸೊನ್ನೆಗಳನ್ನು ಬರೆಯುತ್ತದೆ. 1 ಟೆರಾಬೈಟಿಗೆ ಕೆಲವು ಗಂಟೆ ಹಿಡಿಯುತ್ತದೆ, ಹಿಡಿಯಲಿ. 35 ಸಲ ಬರೆಯಬೇಕೆಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಕಂಪ್ಯೂಟರ್ ಭದ್ರತಾ ತಜ್ಞ ಪೀಟರ್ ಗುಟ್‌ಮನ್ 1996ರಲ್ಲಿ ಆ ಕ್ರಮವನ್ನು ಸೂಚಿಸಿದ್ದು ಅಂದಿನ ಬಗೆಬಗೆಯ ಡಿಸ್ಕುಗಳಿಗಾಗಿ, ಇಂದಿನವಕ್ಕೆ ಅದು ಬೇಕಿಲ್ಲವೆಂದು ಮುಂದೆ ಅವರೇ ಸ್ಪಷ್ಟಪಡಿಸಿದ್ದಾರೆ.

ತಿರುಗುವ ತಟ್ಟೆಗಳಿಲ್ಲದೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯ ವಿಷಯವೇ ಬೇರೆ. ಬರೆದದ್ದನ್ನು ಅದು ತನಗೆ ಬೇಕಾದ ಕೋಶಗಳಿಗೆ ಹಂಚುತ್ತದೆ, ನಮಗೆ ಕಾಣದ ಮೀಸಲು ಜಾಗವನ್ನೂ ಇಟ್ಟುಕೊಂಡಿರುತ್ತದೆ. ಹೀಗಾಗಿ ಮೇಲೆ ಸೊನ್ನೆ ಬರೆದರೂ ಹಳೆಯದು ಅಲ್ಲಲ್ಲಿ ಉಳಿಯಬಹುದು. ಅದಕ್ಕೆ ತಯಾರಕರ ತಂತ್ರಾಂಶದಲ್ಲಿ ಸಿಗುವ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆದೇಶವನ್ನೇ ಬಳಸಬೇಕು. ಅಯಸ್ಕಾಂತದಿಂದ ಅದಕ್ಕೆ ಏನೂ ಆಗದು. ಹೊಸ ಯಂತ್ರ ಕೊಂಡ ದಿನವೇ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಬೀಗ ಹಾಕಿಟ್ಟರೆ ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲೇ ಇರುತ್ತದೆ, ಮುಂದೆ ಕೀಲಿಯನ್ನು ನಾಶಮಾಡಿದರೆ ಓದುವ ದಾರಿ ಮುಚ್ಚಿದಂತೆಯೇ.

ಕೆಟ್ಟು ನಿಂತ ಡಿಸ್ಕನ್ನು ಮಾತ್ರ ದಯವಿಟ್ಟು ಹಾಗೆಯೇ ಕೊಡಬೇಡಿ. ಸರ್ಕ್ಯೂಟ್ ಬೋರ್ಡ್ ಸುಟ್ಟಿದ್ದರೂ ತಟ್ಟೆಗಳ ಮೇಲಿನ ಮಾಹಿತಿ ಉಳಿದಿರುತ್ತದೆ. ಆ ತಟ್ಟೆಗಳನ್ನು ಪುಡಿ ಮಾಡಿಸಬೇಕು, ಎಸ್‌ಎಸ್‌ಡಿಯಾದರೆ ಒಂದೊಂದು ಚಿಪ್ಪನ್ನೂ. ಕಂಪ್ಯೂಟರನ್ನು ಬೇಕಾದರೆ ಇಂದೇ ಕೊಡಿ, ಡಿಸ್ಕನ್ನು ಬಿಚ್ಚಿಟ್ಟುಕೊಂಡು ನನಗೊಂದು ಫೋನ್ ಮಾಡಿ. ಸಂಘಸಂಸ್ಥೆಗಳಿಂದ ಈ ಕೆಲಸಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ.