ಒಂದೇ ಸಿಜಿಪಿಎ, ಮೂರು ಪರ್ಸೆಂಟು

ರಿಸಲ್ಟ್ ಬಂದಿದೆ ಅಂತ ವಾಟ್ಸಾಪ್ ಹೇಳಿತು. ಪೋರ್ಟಲ್ ಒಪ್ಪಲಿಲ್ಲ, ಸುಮ್ನೆ ಗಿರಗಿರ ತಿರುಗುತ್ತಿತ್ತು. ಅಣ್ಣನ ಮಗಳ ಜೊತೆ ಬಳ್ಳಾರಿ ರಾಯಲ್ ಸರ್ಕಲ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ಅರ್ಧ ಕಾಲೇಜು ಅಲ್ಲೇ ನಿಂತಿತ್ತು. ಪ್ರಿಂಟಿಗೆ ಒಂದು ರೇಟು, ಸಿಜಿಪಿಎ ಅಂದರೆ ಎಲ್ಲ ಪೇಪರುಗಳ ಗ್ರೇಡ್ ಪಾಯಿಂಟಿನ ಸರಾಸರಿ ಲೆಕ್ಕ ಹಾಕಿಕೊಡುವುದಕ್ಕೆ ಇನ್ನೊಂದು.

ಒಬ್ಬ ಹುಡುಗ ತನ್ನ ಎರಡು ಪೇಪರಿನ ಪಾಯಿಂಟು ಆರು, ಹತ್ತು ಕೂಡಿಸಿ ಅರ್ಧ ಮಾಡಿ 'ಎಂಟು!' ಎಂದು ಕುಣಿದ. ಅಂಗಡಿಯವನು ತಲೆ ಎತ್ತಲೂ ಇಲ್ಲ. "ತಮ್ಮಾ, ಕ್ರೆಡಿಟ್ಟು ಅಂದ್ರೆ ಪೇಪರಿನ ತೂಕ. ಆರು ಬಂದಿದ್ದು ನಾಕು ಕ್ರೆಡಿಟ್ಟಿನ ಪೇಪರು. ಹತ್ತು ಬಂದಿದ್ದು ಒಂದು ಕ್ರೆಡಿಟ್ಟಿನ ಯೋಗ. ಇಪ್ಪತ್ನಾಕು, ಹತ್ತು, ಮೂವತ್ನಾಕು. ಐದರಿಂದ ಭಾಗಿಸು. ಆರು ಪಾಯಿಂಟ್ ಎಂಟು." ಇವನಿಗೊಂದು ಗೌರವ ಡಾಕ್ಟರೇಟ್ ಕೊಡಬಾರದೇ?

ಯೋಗದ ವಿಷಯ ಬಂತು, ಹೇಳಿಬಿಡುತ್ತೇನೆ. ಆ ಹುಡುಗ ಪದ್ಮಾಸನ ಹಾಕಿದ್ದನ್ನು ಅವನ ತಾಯಿಯೂ ನೋಡಿರಲಿಕ್ಕಿಲ್ಲ. ಬಳ್ಳಾರಿ ಬಿಸಿಲಿಗೆ ನಾವೆಲ್ಲ ಹಾಕುವುದು ಶವಾಸನ ಒಂದೇ. ಆದರೂ ಅವನಿಗೆ 'ಓ' ಗ್ರೇಡು. ಓ ಅಂದರೆ ಔಟ್‌ಸ್ಟ್ಯಾಂಡಿಂಗ್. ಕ್ಲಾಸಿನ ಹೊರಗೇ ನಿಂತಿದ್ದ, ತಪ್ಪೇನಿಲ್ಲ ಬಿಡಿ.

ವಿಶ್ವವಿದ್ಯಾಲಯಗಳ ಮೇಲಿನ ಯುಜಿಸಿ ಕೊಟ್ಟ ಈ ಹತ್ತರ ಸ್ಕೇಲು ಒಳ್ಳೆಯದೇ. ಒಂದೆರಡು ಮಾರ್ಕ್ಸಿಗೆ ಹೊಡೆದಾಡುವುದು ತಪ್ಪುತ್ತದೆ. ಆದರೆ ಕೆಲಸದ ಅರ್ಜಿ ಈಗಲೂ ಪರ್ಸೆಂಟೇಜನ್ನೇ ಕೇಳುತ್ತದೆ. ಮದುವೆಮನೆಯ ಅತ್ತೆಯರಂತೂ ಮೊದಲಿನಿಂದಲೂ ಅದನ್ನೇ ಕೇಳುವವರು. ನಮ್ಮ ಹುಡುಗಿಯದು 6.7. ಹತ್ತರಿಂದ ಗುಣಿಸಿದರೆ 67. ಸಿಬಿಎಸ್‌ಇ ಹತ್ತನೇ ಕ್ಲಾಸಿಗೆ ಮಾಡಿದ್ದ 9.5ರ ಲೆಕ್ಕ ಹಿಡಿದರೆ 63.65. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇದರ 2018ರ ಸ್ಕೀಮಿನಂತೆ 0.75 ಕಳೆದು ಹತ್ತರಿಂದ ಗುಣಿಸಿದರೆ 59.5. ಅರ್ಜಿಯಲ್ಲಿ ಕನಿಷ್ಠ 60 ಇರಬೇಕು. ಹುಡುಗಿ ಅದೇ, ಓದು ಅದೇ. ಫಸ್ಟ್ ಕ್ಲಾಸೋ ಅಲ್ವೋ ಅನ್ನುವುದು ಸೂತ್ರದ ಮೇಲೆ.

'ನಮ್ಮದು ಯಾವ ಸೂತ್ರ?' ಎಂದು ಯೂನಿವರ್ಸಿಟಿ ಆಫೀಸಿಗೆ ಹೋಗಿ ಕೇಳಿದೆವು. ಕಿಟಕಿಯೊಳಗಿನವರು "ಮಾರ್ಕ್ಸ್ ಕಾರ್ಡ್ ನೋಡಮ್ಮ" ಅಂದರು. ಕಾರ್ಡಿನಲ್ಲಿ ಲಾಂಛನ ಇದೆ, ಸಹಿ ಇದೆ, ಸೂತ್ರ ಇಲ್ಲ. "ಹಂಗಾದ್ರೆ ಅರ್ಜಿ ಕೊಡಿ, ಚಲನ್ ಕಟ್ಟಿ, ಹದಿನೈದು ದಿನ ಬಿಟ್ಟು ಬನ್ನಿ." ಕೆಲಸದ ಅರ್ಜಿಗೆ ಶುಕ್ರವಾರ ಕೊನೇ ದಿನ.

ನಗು ಸಾಕು. ಪ್ರತಿ ಸೆಮಿಸ್ಟರ್ ಫೀಸು ತಪ್ಪದೇ ಕಟ್ಟಿಸಿಕೊಂಡಿದ್ದೀರಿ. ಕಾರ್ಡಿನ ಹಿಂದೆ ಒಂದು ಸಾಲು ಅಚ್ಚು ಹಾಕಿಸಲು ನಿಮಗೇನು ರೋಗ? ಆ ಮಗು ಸಿರುಗುಪ್ಪದಿಂದ ಬಸ್ ಹತ್ತಿ ಬಂದಿತ್ತು.